ಹಗೇವಿನ ಮೇಲಿನ ಬಾವುಟ

ಪ್ರತಿ ಮಳೆಗಾಲ ನಮ್ಮ ಸಾಲಿಯ ಬಾವುಟಗಂಬ
ನಾಕು ಬೆರಳು ವಾಲುತ್ತದೆ.
ಸೆಪ್ಟೆಂಬರ್ ಹದಿನಾರರ ಸಂಜೆ
ಬಡಿಗೇರ ಮಾಸ್ತರು ತೂಕಗುಂಡು ಇಳಿಬಿಟ್ಟು,
ಬುಡಕ್ಕೆ ಕಲ್ಲು ಜಡಿದು,
ಒಂದು ಕಣ್ಣು ಮುಚ್ಚಿ ನೋಡಿ
"ಸರಿ ಆತು" ಅನ್ನುತ್ತಾರೆ.
ಸರಿ ಆಗಿರುವುದಿಲ್ಲ.

ಎರೆಮಣ್ಣು ಅನ್ನುತ್ತಾರೆ ಕೆಲವರು,
ಗುತ್ತಿಗೆದಾರನ ಸಿಮೆಂಟು ಅನ್ನುತ್ತಾರೆ ಉಳಿದವರು.
ಕೆಳಗೆ ಹಗೇವು ಇದೆ. ನಮ್ಮ ಮನೆತನದ್ದು.
ನಲವತ್ತು ಚೀಲ ಬಿಳಿಜೋಳ ನುಂಗಿ
ಬಾಯಿಗೆ ಚಪ್ಪಡಿ ಎಳೆದುಕೊಂಡು
ಮುಂದಿನ ಬೇಸಗೆಯವರೆಗೆ ಸುಮ್ಮನಿರುತ್ತಿದ್ದ ಹಗೇವು.

ಆಯಿ ಹೇಳುತ್ತಿದ್ದಳು:
"ಅದರಾಗ ಇಳಿಯೂಕಿಂತ ಮೊದಲು ಕಂದೀಲು ಇಳಿಬಿಡಬೇಕು.
ದೀಪ ಆರಿದರ, ಇಳೀಬ್ಯಾಡ."

ನಲವತ್ತೇಳರ ಆಗಸ್ಟು.
ಗಜೇಂದ್ರಗಡದ ಕಡೆಯಿಂದ ಪಟಾಕಿ ಸದ್ದು.
ಮೂರು ಹರದಾರಿ ಆಚೆ ಬಿಡುಗಡೆ,
ಈಚೆ ಯಲಬುರ್ಗಿ ಸೀಮೆಯಲ್ಲಿ
ಅದೇ ಹಾಲಿ ಸಿಕ್ಕ, ಅದೇ ನಿಜಾಮನ ಮೊಹರು.
ಹೊಲದ ಬದುವಿನ ಮೇಲೆ ನಿಂತು
ಊರಿಗೆ ಊರೇ ಪಡುವಣಕ್ಕೆ ಕಿವಿಗೊಟ್ಟಿತಂತೆ.
"ಹದಿಮೂರು ತಿಂಗಳು ಕಾದ್ವಿ!
ಕತ್ತಿ ಸೈತ ಹನ್ನೆರಡಕ್ಕ ಈಯ್ತದ" ಎಂದು
ಹಲ್ಲಿಲ್ಲದ ಬಾಯಲ್ಲಿ ನಗುತ್ತಿದ್ದಳು ಆಯಿ.

ಆ ನಡುವೆ ರಜಾಕಾರರು ಬಂದ ರಾತ್ರಿ
ಐದು ಹುಡುಗಿಯರನ್ನು ಹಗ್ಗ ಕಟ್ಟಿ ಇಳಿಸಿದರು.
ಹನ್ನೆರಡು ತುಂಬಿದ ಪರ್ವತೆವ್ವ, ನಮ್ಮ ಆಯಿ, ಅವರಲ್ಲೊಬ್ಬಳು.
ಅವಳಿಗೆ ನೆನಪಿದ್ದದ್ದು ಹೆದರಿಕೆಯಲ್ಲ,
ಜೋಳದ ಕಾವು,
ಮತ್ತು ನಿಲ್ಲದ ಗಂಗವ್ವನ ಬಿಕ್ಕಳಿಕೆ.
ಬಾಯಿಗೆ ಬೆಲ್ಲ ತುರುಕಿದರು, ನಿಲ್ಲಲಿಲ್ಲ.
ಮೇಲೆ ಕುದುರೆ ಗೊರಸು,
ಕೆಳಗೆ ಹಿಕ್, ಹಿಕ್.

ಈ ಕತೆ ಎಲ್ಲರಿಗೂ ಗೊತ್ತು.
ಪ್ರತಿ ವರ್ಷ ಅತಿಥಿಗಳ ಭಾಷಣದಲ್ಲಿ
ಹುಡುಗಿಯರು ಐದಿದ್ದವರು ಹನ್ನೊಂದಾಗಿ, ಇಪ್ಪತ್ತಾಗಿ,
ಗಂಗವ್ವನ ಬಿಕ್ಕಳಿಕೆ ಮಾತ್ರ ಬಿಟ್ಟುಹೋಗುತ್ತದೆ.

ಇನ್ನೊಂದು ಕತೆ ಯಾರೂ ಹೇಳುವುದಿಲ್ಲ.

ಹದಿನೇಳನೇ ತಾರೀಖು ಗೌಡರ ರೇಡಿಯೊ ಹೇಳಿತು: ಮುಗಿಯಿತು.
ಊರು ಕುಣಿಯಿತು. ಗಜೇಂದ್ರಗಡದಿಂದ ಬಾವುಟ ಬಂತು.
ಮರುದಿನ ರಾತ್ರಿ ಪಂಜುಗಳು
ಸಾಬರ ಓಣಿಯ ಕಡೆ ತಿರುಗಿದವು.
ಆಯಿಯ ಅಪ್ಪ ಮಾತಾಡಲಿಲ್ಲ.
ಹೋಗಿ ಚಪ್ಪಡಿ ಸರಿಸಿದ.
ಕಂದೀಲು ಇಳಿಬಿಟ್ಟ.
ದೀಪ ಆರಲಿಲ್ಲ.
ದರ್ಜಿ ರಾಜೇಸಾಬನ ಹೆಂಡತಿ ಮೋದಿನ್‌ಬಿ,
ಎದೆಗೊಂದು, ಬೆನ್ನಿಗೊಂದು ಕೂಸು,
ಅದೇ ಹಗ್ಗ ಹಿಡಿದು ಇಳಿದಳು.
ರಾಜೇಸಾಬ ಇಳಿಯಲಿಲ್ಲ.
ಮಷೀನು ತರುತ್ತೇನೆಂದು ಹೋದವನು.

ನಾಕು ರಾತ್ರಿ ರೊಟ್ಟಿ ಬುಟ್ಟಿ ಇಳಿಸಿದವಳು ಆಯಿ.
"ನಾ ಕುಂತಿದ್ದ ಮೂಲ್ಯಾಗೇ ಕುಂತಿದ್ಲು,
ಅಲ್ಲಿ ಗ್ವಾಡಿ ಬೆಚ್ಚಗ ಇತ್ತು, ಹೇಳಿಕೊಟ್ಟಿದ್ದೆ" ಅಂದಳು ಒಮ್ಮೆ,
ಹಪ್ಪಳ ತಿರುವಿಹಾಕುತ್ತ. ಮತ್ತೆ ಅಂದಿಲ್ಲ.

ಈಗ ಬಾವುಟ ಕಟ್ಟುವವನು ದಾದಾಪೀರ,
ಮೋದಿನ್‌ಬಿಯ ಮೊಮ್ಮಗ, ಸಾಲಿಯ ಜವಾನ.
ಚೆಂಡುಹೂವಿನ ಎಸಳು ಒಳಗಿಟ್ಟು
ಒಂದೇ ಎಳೆತಕ್ಕೆ ಬಿಚ್ಚುವ ಗಂಟು
ಈ ಊರಲ್ಲಿ ಅವನೊಬ್ಬನಿಗೇ ಬರುತ್ತದೆ.
ಇಪ್ಪತ್ತು ವರ್ಷ ಒಂದೇ ಸಾಲಿಯಲ್ಲಿದ್ದೇವೆ.
ಮಳೆ, ಮೊಟ್ಟೆ, ಹಾಜರಿ ಪುಸ್ತಕ ಮಾತಾಡಿದ್ದೇವೆ.
ಇದೊಂದನ್ನು ಬಿಟ್ಟು.

ಇವತ್ತು ಅತಿಥಿಗಳು ಎಳೆದರು, ಗಂಟು ಬಿಚ್ಚಲಿಲ್ಲ.
ಮತ್ತೆ ಎಳೆದರು.
ಯಾರೋ ಹುಡುಗ ಕಿಸಕ್ಕನೆ ನಕ್ಕ.
ದಾದಾಪೀರ ಬಂದು ಹಗ್ಗವನ್ನು ಮೆಲ್ಲಗೆ ಅಲುಗಿಸಿದ,
ತೊಟ್ಟಿಲು ತೂಗಿದಂತೆ.
ತಡವಾಗಿ, ಮೂರು ಬಣ್ಣ, ಹಳದಿ ಎಸಳು.

ಮುನ್ನೂರು ಮುಖ ಮೇಲೆ ನೋಡುತ್ತಿದ್ದವು.
ಅವನು ಕಂಬದ ಬುಡ ನೋಡುತ್ತಿದ್ದ.
ನಾನೂ.

ರಾಷ್ಟ್ರಗೀತೆ ಮುಗಿದ ಮೇಲೆ ಹತ್ತಿರ ಬಂದು,
"ಟೀಚರ್, ಮತ್ತ ಕುಸದೈತ್ರಿ" ಅಂದ.
"ಹೂಂ" ಅಂದೆ.
"ಒಂದು ಪುಟ್ಟಿ ಗರಸು ಹಾಕೂಣೇನ್ರಿ?"
"ಹಾಕೂಣು."