ಮೂರು ಗುಂಡಿ, ಎರಡು ತಾಸು

ಭಾನುವಾರದ ಬಲಿಪೂಜೆಯೂ ಇಲ್ಲಿ ಶುಕ್ರವಾರವೇ.
ಅದು ಮುಗಿದದ್ದೇ ಬಸ್ಸು ಹತ್ತಿದೆವು:
ಹತ್ತನೇ ತರಗತಿಯ ಹದಿನಾಲ್ಕು ಮಕ್ಕಳು, ನಾನು,
ರಟ್ಟಿನ ಪೆಟ್ಟಿಗೆ ತುಂಬ ಸೂಜಿ, ನೂಲು,
ಸಗಟು ಅಂಗಡಿಯಿಂದ ತಂದ ಸಾವಿರ ನೀಲಿ ಗುಂಡಿ.
ವರ್ಷಕ್ಕೆ ತಲಾ ಇಪ್ಪತ್ತು ತಾಸು ಸೇವೆ;
ಕಡಿಮೆಯಾದರೆ ಪ್ರಮಾಣಪತ್ರವಿಲ್ಲ.
"ಸರ್, ಬಸ್ಸಿನ ಹೊತ್ತೂ ಲೆಕ್ಕಕ್ಕೆ ಬರುತ್ತಾ?"
ನೀತಿಪಾಠದ ಮೇಷ್ಟ್ರಿಗೆ ಬರುವ ಪ್ರಶ್ನೆಗಳು ಇಂಥವೇ.

ಜಾಗದ ಹೆಸರು ಸಜಾ.
ಹಿಂದಿ ಬಲ್ಲ ಮಕ್ಕಳು ಕಿಸಕ್ಕನೆ ನಕ್ಕರು.
ಡಾಂಬರು ಮುಗಿಯಿತು, ಮರಳು ಹಲ್ಲಿಗೆ ಸಿಕ್ಕಿತು.
ಕ್ಯಾಂಪಿನ ಊಟದ ಹಾಲಿನಲ್ಲಿ
ಬೇಳೆಯ ವಾಸನೆ, ಫಿನಾಯಿಲಿನ ವಾಸನೆ,
ಗುಂಡಿ ಕಿತ್ತ ನೀಲಿ ಅಂಗಿಗಳ ಸಾಲು,
ಅವುಗಳ ಹಿಂದೆ ಬನಿಯನ್ನಿನಲ್ಲಿ ಕೈಕಟ್ಟಿ
ಯಾರದೋ ಮದುವೆಗೆ ಬಂದವರ ಹಾಗೆ ನಿಂತ ಗಂಡಸರು.

ಜೋವಿಟಾ ತಾವ್ರೊಗೆ ಸೂಜಿಗೆ ನೂಲು ಪೋಣಿಸಲು ಬಾರದು.
ನಾಲಗೆಗೆ ತಗಲಿಸಿ, ಕಣ್ಣು ಕಿರಿದು ಮಾಡಿ, ಐದು ಸಲ.
ಎದುರು ಕೂತಾತ ಆರನೇ ಸಲಕ್ಕೆ ಕೈಚಾಚಿದ:
"ತಾ ಇಲ್ಲಿ ತಂಗಿ. ಹಂಗ ಹಿಡೀಬ್ಯಾಡ, ಚುಚ್ಚತದ."
ದೇವಿಂದ್ರಪ್ಪ. ಶಹಾಪುರದ ಕಡೆಯವ.
ಅಪ್ಪ ಸಂತೆಯಲ್ಲಿ ದರ್ಜಿ; ಇವ ಇಲ್ಲಿ ಸ್ಕ್ಯಾಫೋಲ್ಡಿಂಗ್.
ಜೋವಿಟಾ ಹುಟ್ಟಿದ್ದೇ ಶಾರ್ಜಾದಲ್ಲಿ, ಮನೆಮಾತು ಕೊಂಕಣಿ.
ಕನ್ನಡವೆಂದರೆ ಅವಳಿಗೆ ರಜೆಯಲ್ಲಿ ಕಿನ್ನಿಗೋಳಿಯ ಬಸ್ಸು:
ಕಂಡಕ್ಟರ್ ಕೂಗಿದ್ದು ಅರ್ಧ ತಿಳಿಯುತ್ತದೆ,
ಬೋರ್ಡು ಓದಲು ಬಾರದು.

ಅವನ ಮಾತು ಎಷ್ಟು ಮುಟ್ಟಿತೋ, ತಲೆಯಾಡಿಸುತ್ತಿದ್ದಳು.
ನಾಲ್ಕು ತೂತಿಗೆ ಅಡ್ಡಡ್ಡ ಹೊಲಿಗೆ,
ಕೆಳಗೊಂದು ಕಡ್ಡಿ ಇಟ್ಟು ತುಸು ಸಡಿಲ,
ಕೊನೆಗೆ ಮಫ್ಲರಿನ ಹಾಗೆ ನೂಲು ಮೂರು ಸುತ್ತು;
ಇಲ್ಲವಾದರೆ ಗುಂಡಿ ಉಳಿದು ಬಟ್ಟೆ ಹರಿಯುತ್ತದೆ.
ನಡುವೆ ಎಮ್ಮೆ ಮಾರಿದ ಕಥೆ, ತಂಗಿಯ ಬಾಣಂತನ,
ಮೂವತ್ತೊಂದನೇ ಮಹಡಿಯಲ್ಲಿ ಗಾಳಿ ಎದ್ದರೆ
ಗುಂಡಿಯಿಲ್ಲದ ಅಂಗಿ ಹಾಯಿಯಾಗುತ್ತದೆಂಬ ಮಾತು.
ಅದಕ್ಕೊಂದಕ್ಕೆ ಅವಳ ಸೂಜಿ ನಿಂತಿತು.

ಹೊರಡುವಾಗ ಫಾರಂ. ಕೊನೆಯ ಖಾನೆ:
ಸೇವೆ ಪಡೆದವರ ಅಭಿಪ್ರಾಯ ಮತ್ತು ಸಹಿ.
ಉಳಿದ ಮಕ್ಕಳಿಗೆ ಒಂದು ಹೆಬ್ಬೆಟ್ಟು, ಒಂದು 'ಗುಡ್'.
ದೇವಿಂದ್ರಪ್ಪ ಹಾಳೆಯನ್ನು ಗೋಡೆಗೊತ್ತಿ ಬರೆದೇ ಬರೆದ,
ಖಾನೆ ಮೀರಿ, ಅಂಚಿಗೆ ಹತ್ತಿಸಿ.

ಬಸ್ಸಿನಲ್ಲಿ ಅದನ್ನು ನನ್ನ ಮುಂದೆ ಹಿಡಿದಳು:
"ಸರ್, ಏನಿದು? ಮಾರ್ಕ್ಸ್ ಕಟ್ಟಾಗುತ್ತಾ?"
ಎಂಜಿನ್ನಿನ ಸದ್ದಿನ ಮೇಲೆ ದನಿಯೇರಿಸಿ ಓದಿದೆ:

'ಈ ಮಗು ಮೂರು ಗುಂಡಿ ಹಚ್ಚ್ಯಾಳ.
ಒಂದು ನಾ ಬಿಚ್ಚಿ ಮತ್ತ ಹಚ್ಚಿಕೊಳ್ಳತೀನಿ, ಆಕಿಗಿ ಹೇಳಬ್ಯಾಡ್ರಿ.
ಎರಡು ತಾಸು ಎದ್ದು ಹೋಗಲಿಲ್ಲ.
ಸೂಜಿ ನನ್ನ ಹತ್ರ ಉಳದದ.
ಮುಂದಿನ ವಾರ ಬಂದರ ಕಾಲರು ಕಲಸ್ತೀನಿ.'

ಎರಡನೇ ಸಾಲು ಆಗಲೇ ಬಾಯಿಂದ ಜಾರಿತ್ತು.
ಇಂಗ್ಲಿಷಿಗೆ ತಿರುಗಿಸಿ ಕೊಡಿ ಎನ್ನುತ್ತಾರೆ ಪ್ರಾಂಶುಪಾಲರು;
ಎರಡು ತಾಸನ್ನು ಯಾರ ಹೆಸರಿಗೆ ಬರೆಯುವುದೋ
ನನಗಿನ್ನೂ ಗೊತ್ತಿಲ್ಲ.

"ಯಾವುದು ಸರ್? ಮೇಲಿನದಾ?"
ನ್ಯಾಷನಲ್ ಪೇಂಟ್ಸಿನ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತಾಗಲೂ ಕೇಳಿದಳು.
ಆಮೇಲೆ ಸುಮ್ಮನಾಗಿ
ತನ್ನ ಸಮವಸ್ತ್ರದ ತೋಳಿನ ಗುಂಡಿ ಹಿಡಿದು ಮಗುಚಿ
ಹಿಂದಿನ ನೂಲು ಎಷ್ಟು ಸುತ್ತೆಂದು ನೋಡುತ್ತಿದ್ದಳು.