ಜಗಲಿಯ ಕರಿಹಲಗೆ

ಮಾಲ್ದಾರೆ ದಾಟಿ, ಟಾರು ಮುಗಿದಲ್ಲಿ
ಸಂತ ರೀತಾಳ ಹೆಸರಿನ ನಮ್ಮ ಶಾಲೆ.
ಎರಡು ಕೋಣೆ, ಒಂದು ಜಗಲಿ,
ಮಕ್ಕಳು ಮೂವತ್ತೊಂದು.
ಶಮ್ನಾಸ್ ತಂಗಿಯನ್ನೂ ಎಳೆದು ತಂದರೆ ಮೂವತ್ತೆರಡು;
ಮೂರು ವರ್ಷದವಳು, ಹಾಜರಿಯ ಲೆಕ್ಕಕ್ಕಿಲ್ಲ,
ಆದರೂ ಹಾಲಿಗೆ ಎಲ್ಲರಿಗಿಂತ ಮೊದಲು
ಲೋಟ ಹಿಡಿದು ನಿಲ್ಲುತ್ತಾಳೆ.

ಜಗಲಿಯಲ್ಲಿ ಮೂಲೆ ಒಡೆದ ಕರಿಹಲಗೆ.
ಪ್ರಾರ್ಥನೆ ಮುಗಿದ ಮೇಲೆ
ಮಕ್ಕಳು ಹೇಳುತ್ತಾರೆ, ನಾನು ಬರೆಯುತ್ತೇನೆ:
ಇಂದಿನ ಸುದ್ದಿ.
ದೆಹಲಿಯದು, ಮಡಿಕೇರಿಯದು ಇಲ್ಲಿ ನಡೆಯದು.
ಟಿ.ವಿ.ಯಲ್ಲಿ ಬಂದದ್ದಂತೂ ಬೇಡವೇ ಬೇಡ.
ನಿಯಮ ಒಂದೇ —
ಕಣ್ಣಾರೆ ಕಂಡಿರಬೇಕು.

ಚುಂಡೆಗೆ ಮುಂದಿನ ಹಲ್ಲು ಬಿತ್ತು.
ಮಾಡಿನ ಮೇಲೆಸೆದ; ಹೆಂಚಿನಿಂದ ಉರುಳಿ
ಅವನ ಕಾಲಬುಡಕ್ಕೇ ವಾಪಸು ಬಂತು.

ಪುತ್ತರಿಗೆ ದೇಚಮ್ಮನ ಅಜ್ಜ ಹಾರಿಸಿದ ಗುಂಡಿಗೆ
ಕಾನ್ವೆಂಟಿನ ಕೋಳಿ ಎರಡು ದಿನ ಮೊಟ್ಟೆಯಿಡಲಿಲ್ಲ.

ಆಲ್ವಿನ್ ಮನೆಯ ಹಂದಿ ಒಂಬತ್ತು ಮರಿ ಹಾಕಿದೆ,
ಅದರಲ್ಲಿ ಒಂದಕ್ಕೆ ಫಾದರ್ ಹೆಸರು.
ಅದನ್ನು ಮಾತ್ರ ಬರೆಯಬೇಡಿ, ಟೀಚರ್.
ಬರೆಯಲಿಲ್ಲ. ಫಾದರಿಗೆ ಹೇಗೋ ಗೊತ್ತಾಯಿತು,
ಭಾನುವಾರ ಪೂಜೆ ಮುಗಿಸಿ
ಮರಿಯನ್ನು ನೋಡಲು ಹೋದರಂತೆ.
(ಅಂತೆಗೆ ನಮ್ಮ ಹಲಗೆಯಲ್ಲಿ ಜಾಗವಿಲ್ಲ.)

ಹತ್ತಕ್ಕೆ ಸಿಸ್ಟರ್ ಜಸಿಂತಾ ಬರುತ್ತಾರೆ,
ಕಂಕುಳಲ್ಲಿ ಹಾಜರಿ ಪುಸ್ತಕ.
ಸುದ್ದಿ ಓದುವ ಮೊದಲೇ
ನಾನು ನುಂಗಿದ ಒತ್ತಕ್ಷರ ಅವರ ಕಣ್ಣಿಗೆ ಬೀಳುತ್ತದೆ.
ನಾಲಿಗೆಗೆ ಬೆರಳು ತಾಗಿಸಿ
ಒರೆಸಿ, ತಿದ್ದಿ, ಏನೂ ಹೇಳದೆ ಹೋಗುತ್ತಾರೆ.
ಹದಿನಾಲ್ಕು ವರ್ಷ. ಇನ್ನೂ ನಾನು ಕಲಿತಿಲ್ಲ.

ಆನೆ ಬಂದ ದಿನ ಹಲಗೆ ಸಾಲದು.
ಜೂನಿನಲ್ಲಿ ಸಿಸ್ಟರ ಹಿತ್ತಲ ಹಲಸು ಮುಗಿಸಿ
ಅಂಗಳ ಹಾದು ಹೋಗಿತ್ತು;
ಹೆಜ್ಜೆಗುಳಿಯಲ್ಲಿ ನಿಂತ ಮಳೆನೀರಿನಲ್ಲಿ
ವಾರದೊಳಗೆ ಗೊದಮೊಟ್ಟೆ.
ವಿಜ್ಞಾನದ ಪಾಠ ಆ ವಾರ ಅಲ್ಲೇ, ಕುಕ್ಕರುಗಾಲಲ್ಲಿ.

ಕಾಫಿ ಕುಯ್ಲಿಗೆ ಅಸ್ಸಾಮಿನಿಂದ ಬಂದ
ಲೈನ್‌ಮನೆಯವರ ಹುಡುಗಿ, ಪ್ರಮೀಳಾ ತಿರ್ಕಿ.
ನಮ್ಮಲ್ಲಿ ಅವಳಿಗೆ ಗೊತ್ತಿದ್ದದ್ದು ಒಂದೇ:
ಹಣೆ, ಎದೆ, ಎಡಹೆಗಲು, ಬಲಹೆಗಲು.
ಮೊದಲ ದಿನ ಅದನ್ನು ಮಾಡಿ
ಸರಿಯಾಯಿತೇ ಎಂಬಂತೆ ನನ್ನ ಮುಖ ನೋಡಿದಳು.
ಆಮೇಲೆ ದೇಚಮ್ಮ ಕಲಿಸಿದಳು:
ಉಪ್ಪು. ಸಾಕು. ಗಂಟೆ. ನನ್ನ ಪೆನ್ಸಿಲ್ ಕೊಡು.
ಹಲಗೆಯ ಹತ್ತಿರ ಮಾತ್ರ ಬಾಯಿ ಬಿಟ್ಟವಳಲ್ಲ.

ಜನವರಿಯ ಆ ಸೋಮವಾರ
ಸುದ್ದಿ ಎಲ್ಲರಿಗೂ ಗೊತ್ತಿತ್ತು.
ನಸುಕಿನ ಮಂಜು, ಪಕ್ಕದ ತೋಟದ ದಾರಿ,
ಕೆಲಸಕ್ಕೆ ಹೊರಟವನ ಬುತ್ತಿಯ ಡಬ್ಬಿ.
ಯಾರೂ ಹೇಳಲಿಲ್ಲ, ನಾನು ಬರೆಯಲಿಲ್ಲ.
ಸಿಸ್ಟರ್ ಜೀಪು ಕರೆಸಿ
ಮಕ್ಕಳನ್ನು ಮಧ್ಯಾಹ್ನವೇ ಮನೆಗೆ ಕಳಿಸಿದರು.

ಗುರುವಾರ ಪ್ರಮೀಳಾ ಎದ್ದು ನಿಂತಳು.
"ಟೀಚರ್, ರಾತ್ರಿ ಆನೆ ಬಂದಿಲ್ಲ."

ನಕ್ಕರು. ಬಾರದ್ದು ಯಾವ ಸುದ್ದಿ?
ಆಲ್ವಿನ್ ನಿಯಮ ತೆಗೆದ:
ಕಣ್ಣಾರೆ ಕಂಡಿರಬೇಕು, ಇವಳು ಕಂಡದ್ದೇನು?

"ನೋಡಿದೆ," ಅಂದಳು.
"ಕಿಟಕಿ. ನಿದ್ದೆ ಇಲ್ಲ, ನೋಡಿದೆ.
ಬೆಳಿಗ್ಗೆ ಅಪ್ಪ ಹೋದ, ನೋಡಿದೆ.
ದಾರಿ ಮುಗಿಯುವ ತನಕ. ಆನೆ ಬಂದಿಲ್ಲ."

ಆಲ್ವಿನ್ ಕೂತುಕೊಂಡ.
ಸೀಮೆಸುಣ್ಣ ಸವೆದು ಚೂರಾಗಿತ್ತು;
ಚುಂಡೆ ಒಳಗೆ ಓಡಿ ಹೊಸದು ತಂದ.

ದೊಡ್ಡದಾಗಿ ಬರೆದೆ.
ಅವಸರದಲ್ಲಿ ಮತ್ತೆ ಒತ್ತು ಬಿಟ್ಟುಹೋಯಿತು.
ಆನೆ ಬಂದಿಲ, ಎಂದೇ ಇತ್ತು ಸಂಜೆಯ ತನಕ.
ಸಿಸ್ಟರ್ ಎರಡು ಸಲ ಹಾದುಹೋದರು,
ಒಮ್ಮೆ ನಿಂತರೂ ಕೂಡ.
ಬೆರಳು ಒದ್ದೆ ಮಾಡಲಿಲ್ಲ.

ಶಮ್ನಾಸನ ತಂಗಿ ಲೋಟ ಹಿಡಿದು
ನನ್ನ ಸೆರಗು ಜಗ್ಗುತ್ತಿದ್ದಳು.
ಹಾಲು ಆರುತ್ತಿದೆ ಎಂಬುದು
ಆ ಹೊತ್ತಿನ ಇನ್ನೊಂದು ಸುದ್ದಿ.