ಜಿಪ್ಪಿನ ಸದ್ದು

ಫ್ಯಾನು ಆರಿಸಿ, ಅಂದೆ.
ಮಂಡಿಪೇಟೆಯ ಇಲಿಯಾಜ್ ಭಾಯಿ
ಧನುರ್ಮಾಸದಲ್ಲಿ ಫ್ಯಾನು ತಿರುಗುವುದೇ ನೊಣಕ್ಕೆ ಎಂದು ನಕ್ಕು
ಆರಿಸಿದರು.
ಆಮೇಲೆ ಒಂದೊಂದೇ ಮಲಗುಚೀಲದ ಜಿಪ್ಪು
ಮೇಲಿಂದ ಕೆಳಗೆ, ಕೆಳಗಿಂದ ಮೇಲೆ
ಎಳೆದೆಳೆದು ಕೇಳಿದೆ,
ಸಂತೆಯಲ್ಲಿ ಮಡಕೆ ಕೊಳ್ಳುವಾಗ ಅಮ್ಮ
ಬೆರಳ ಗೆಣ್ಣಿಂದ ತಟ್ಟಿ ಕೇಳುವ ಹಾಗೆ.

ಕಿತ್ತಳೆ ಬಣ್ಣದ್ದು ಮೂರು ಸಾವಿರದ ಇನ್ನೂರು.
ಹಿಮಾಲಯಕ್ಕೆ ಹೋಗಿಬಂದದ್ದಂತೆ.
ಚೀಟಿಯಲ್ಲಿ ಮೈನಸ್ ಹತ್ತು.
ನಮ್ಮ ದೇವರಾಯನದುರ್ಗಕ್ಕೆ ಮೈನಸ್ಸು ಗೊತ್ತಿಲ್ಲ ಭಾಯಿ,
ಗೊತ್ತಿರುವುದು ಇಬ್ಬನಿ,
ಮೂರು ಗಂಟೆಗೆ ಬಂಡೆಯೊಳಗಿಂದ ಎದ್ದು
ಬೆನ್ನಿನ ಒಂದೊಂದೇ ಮಣಿ ಎಣಿಸುವ ಥಂಡಿ.
ಮತ್ತೆ ಈ ಬಣ್ಣ,
ಬೆಟ್ಟದ ಮೇಲೆ ನಾನಿದ್ದೇನೆಂದು
ಉರುಲು ಹಾಕುವವರಿಗೆಲ್ಲ
ತಮಟೆ ಹೊಡೆದು ಸಾರುತ್ತದೆ.

ಮಿಲಿಟರಿ ಹಸಿರಿನದು ಎರಡು ಸಾವಿರ.
ಬೆಚ್ಚಗಿದೆ. ಒಳಗೆ ಯಾರದೋ ಬೀಡಿಯ ವಾಸನೆ.
ಜಿಪ್ಪು ಮಾತ್ರ
ಹೊಸ ಸೀರೆ ಹರಿದ ಹಾಗೆ ಕಿರುಚುತ್ತದೆ.
ಮೊಲ ಬಿಡಿ, ಮೊಲ ಹಿಡಿಯುವವನೂ ಓಡಿಹೋಗುತ್ತಾನೆ.
ಓಡಿಸುವುದೇ ನಿಮ್ಮ ಕೆಲಸ ಅಲ್ಲವಾ ಮೇಡಂ?
ಅಲ್ಲ ಭಾಯಿ, ಹಿಡಿಯುವುದು.
ಓಡಿದವನು ನಾಳೆ ಬರುತ್ತಾನೆ.

ಇಲಾಖೆ ಕೊಟ್ಟದ್ದು ಸೀಟಿ, ಟಾರ್ಚು,
ಕಿವಿಯವರೆಗೆ ಇಳಿಯುವ ಟೋಪಿ.
ದೀಪಾವಳಿಯಿಂದ ದಿನಗೂಲಿ ಬಂದಿಲ್ಲ.
ರವಿಕೆ ಹೊಲಿಯುವ ಅಮ್ಮನ ಡಬ್ಬಿಯಿಂದ ತಂದದ್ದು
ಒಂಬೈನೂರ ಐವತ್ತು.
ಬಸ್ಸು ಪುಕ್ಕಟೆ, ಪುಣ್ಯ.

ಅಪ್ಪ ಚಿಕ್ಕರಂಗಯ್ಯ ಬಲೆ ಹೊತ್ತು ಬೆಟ್ಟ ಹತ್ತುತ್ತಿದ್ದವನು.
ಅದು ತಪ್ಪೆಂದು ನಮಗೆ ಯಾರೂ ಹೇಳಿರಲಿಲ್ಲ,
ಹೇಳಿದ್ದರೂ ಸಾರಿನ ಘಮದಲ್ಲಿ ಕೇಳಿಸಿರಲಿಲ್ಲ.
ಎರಡು ಕಡಲೇಕಾಯಿ ಚೀಲ ಸೇರಿಸಿ ಹೊಲಿದು
ಒಳಗೆ ರಾಗಿ ಹುಲ್ಲು ತುರುಕಿ
ಅದರಲ್ಲಿ ಇಳಿದು ಮಲಗುತ್ತಿದ್ದನಂತೆ,
ಒಂದು ಕಾಲು ಮಾತ್ರ ಹೊರಗೆ.
ಯಾಕಪ್ಪಾ?
ಪೂರಾ ಬೆಚ್ಚಗಾದೋನು ಪೂರಾ ನಿದ್ದೆ ಹೋಯ್ತಾನೆ ಕಣವ್ವ.
ಆಚೆ ಇರೋ ಕಾಲು ಎದ್ದಿರ್ತದೆ.

ಮೂಲೆಯಲ್ಲಿ, ಹರಿದ ಟೆಂಟಿನಡಿ,
ಮಣ್ಣಿನ ಬಣ್ಣದ್ದೊಂದು ಸಿಕ್ಕಿತು.
ಜಿಪ್ಪಿನ ಹಲ್ಲೆಲ್ಲ ಉದುರಿ
ಬರೀ ಒಸಡು.
ಅಲ್ಲೇ ನೆಲಕ್ಕೆ ಹಾಸಿ ಒಳಗಿಳಿದೆ.
ಟಾರ್ಪಾಲು ಕೊಳ್ಳಲು ಬಂದ ಗೌಡರು
ಪಂಚೆ ಎತ್ತಿಕೊಂಡು ನನ್ನ ಸುತ್ತುಹಾಕಿ ಹೋದರು.
ಉದ್ದ ಸಾಕು. ಭುಜ ಹೊರಳುತ್ತದೆ.
ಮೊಣಕಾಲ ಹತ್ತಿರ ಹತ್ತಿ ಗಂಟುಗಟ್ಟಿದೆ,
ಬಿಸಿಲಿಗೆ ಹಾಕಿ ಬಡಿದರೆ ಬಿಟ್ಟೀತು.
ಅದು ಬೇಡ ಮೇಡಂ, ಎಸೆಯಲು ಇಟ್ಟದ್ದು.
ಎಷ್ಟು?
ಐನೂರು, ಅಂದರು.
ನಾನೂರಕ್ಕೆ ಇಳಿದು
ಮೇಲೊಂದು ಟೀ ತರಿಸಿದರು.

ಅಮ್ಮ ರಾತ್ರಿ ಕೂತು ರವಿಕೆಯ ಹುಕ್ಕು ಹಾಕಿದಳು,
ಇಪ್ಪತ್ತೆರಡು.
ಇಷ್ಟುದ್ದ ರವಿಕೆ
ಯಾವಳಿಗೂ ಹೊಲಿದಿರಲಿಲ್ಲ ನಾನು, ಅಂದಳು.

ಈಗ ಬಂಡೆ. ಚಂದ್ರ ಇಲ್ಲ.
ಕೆಳಗಿನ ಹೊಲಗಳಿಂದ ಅವರೆಯ ಸೊಗಡು
ನಿಧಾನ ಬೆಟ್ಟ ಹತ್ತಿ ಬರುತ್ತಿದೆ.
ಬೆಳಕಿನ ಚುಕ್ಕಿಯೊಂದು ಪೊದೆಯಿಂದ ಪೊದೆಗೆ
ಬಗ್ಗಿ, ನಿಂತು, ಮತ್ತೆ ಬಗ್ಗುತ್ತದೆ.
ಆ ಬಗ್ಗುವ ರೀತಿ ನನಗೆ ಗೊತ್ತು,
ಮನೆಯಲ್ಲಿ ನೋಡಿದ್ದೇನೆ.

ಎದೆಯ ಹತ್ತಿರದ ಹುಕ್ಕು ಬಿಚ್ಚುತ್ತೇನೆ.
ಒಂದು.
ಎರಡು.
ಬೆಟ್ಟಕ್ಕೆ ಕೇಳಿಸಿಲ್ಲ.
ಹೊರಗಿದ್ದ ಕಾಲು ಯಾವಾಗಲೋ
ಕತ್ತಲಲ್ಲಿ
ತನ್ನ ಬೂಟು ತಾನೇ ಹುಡುಕಿಕೊಂಡಿದೆ.